ನೂರಿಪ್ಪತ್ತು ಗ್ರಾಂ

ನನ್ನ ಕೆಲಸ ಶುರುವಾಗುವುದು ಸ್ನಾನದಿಂದ. ಬೆಳಿಗ್ಗೆ ಆರೂವರೆಗೆ ಕೋಳಿ ಫಾರಂನ ಗೇಟು ದಾಟಿದರೆ ಒಂದು ಉದ್ದನೆಯ ಕೋಣೆ. ಈ ತುದಿಯಲ್ಲಿ ಮನೆಯ ಬಟ್ಟೆ ಕಳಚಿಡಬೇಕು, ನಡುವೆ ಷವರಿನ ಕೆಳಗೆ ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿಕೊಂಡು ಐದು ನಿಮಿಷ ನಿಲ್ಲಬೇಕು, ಆ ತುದಿಯಲ್ಲಿ ಫಾರಂನವರು ಒಗೆದು ಮಡಿಸಿಟ್ಟ ನೀಲಿ ಬಟ್ಟೆ ತೊಟ್ಟು ಆಚೆ ಬಾಗಿಲಿಂದ ಹೊರಬೀಳಬೇಕು. ಸಂಜೆ ಮತ್ತೆ ಇದೇ ಸ್ನಾನ, ತಿರುಗುಮುರುಗು. ಹತ್ತೊಂಬತ್ತು ವರ್ಷ ಹೀಗೆ ದಿನಕ್ಕೆರಡು ಸಲ ಮಿಂದವಳು ನಾನು. ಸೋಪಿನಿಂದ ಪುಣ್ಯ ಬರುವುದಿದ್ದರೆ ಇಷ್ಟು ಹೊತ್ತಿಗೆ ದೇವರ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದೆ.

ಸ್ನಾನ ನಮಗಾಗಿ ಅಲ್ಲ, ಕೋಳಿಗಳಿಗಾಗಿ. ಹೊರಗಿನ ರೋಗ ಒಳಗೆ ಹೋಗಬಾರದು. ಒಂದು ಶೆಡ್ಡಿನವರು ಇನ್ನೊಂದು ಶೆಡ್ಡಿಗೆ ಕಾಲಿಡುವಂತಿಲ್ಲ, ಒಟ್ಟಿಗೆ ಕೂತು ಉಣ್ಣುವಂತಿಲ್ಲ. ನನ್ನದು ಮೂರನೇ ಶೆಡ್ಡು. ನಾಲ್ಕನೆಯದರಲ್ಲಿ ಒಬ್ಬ ಕೆಲಸಗಾರನಿದ್ದಾನೆ. ಅವನು ಬಾಗಿಲಿಗೆ ಬಂದಾಗ ನಾನು ಕೈ ಎತ್ತುತ್ತೇನೆ, ಅವನೂ ಎತ್ತುತ್ತಾನೆ. ಹನ್ನೊಂದು ವರ್ಷದ ಪರಿಚಯ ಇಷ್ಟೇ. ಅವನ ದನಿ ಹೇಗಿದೆಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ನಿಯಮವಿದೆ, ಎಲ್ಲಕ್ಕಿಂತ ಗಟ್ಟಿಯಾದದ್ದು. ಇಲ್ಲಿ ಕೆಲಸ ಮಾಡುವವರು ಮನೆಯಲ್ಲಿ ಯಾವ ಹಕ್ಕಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಪಂಜರದ ಗಿಳಿಯನ್ನೂ ಕೂಡ. ವರ್ಷಕ್ಕೊಮ್ಮೆ ಕಾಗದಕ್ಕೆ ಸಹಿ ಹಾಕುತ್ತೇವೆ. ಸಿಕ್ಕಿಬಿದ್ದರೆ ಅವತ್ತೇ ಮನೆಗೆ. ಹದಿನೆಂಟು ವರ್ಷ ನಾನು ಎದೆ ತಟ್ಟಿಕೊಂಡು ಆ ಸಹಿ ಹಾಕಿದ್ದೆ, ಹತ್ತೊಂಬತ್ತನೆಯ ವರ್ಷ ಹಾಕಿದ್ದು ಸುಳ್ಳು ಸಹಿ.

ನಮ್ಮದು ತಾಯಿಕೋಳಿಗಳ ಫಾರಂ. ಅಂಗಡಿಯಲ್ಲಿ ತೂಗುಹಾಕಿದ ಕೋಳಿಗೂ ಒಬ್ಬ ತಾಯಿ ಇರುತ್ತಾಳೆ ಎಂದು ಯಾರೂ ಯೋಚಿಸುವುದಿಲ್ಲ, ಯೋಚಿಸಬೇಕಾದ ಕರ್ಮ ಅವರಿಗೇನಿದೆ. ಆ ತಾಯಂದಿರು ನಮ್ಮಲ್ಲಿರುತ್ತಾರೆ, ಒಂದು ಶೆಡ್ಡಿಗೆ ಐದು ಸಾವಿರ. ಅವು ಇಟ್ಟ ಮೊಟ್ಟೆ ಬೇರೆ ಕಡೆ ಮರಿಯಾಗುತ್ತದೆ, ಮರಿ ಆರು ವಾರ ಒಂದೇ ಸಮನೆ ತಿಂದು ಎರಡೂವರೆ ಕಿಲೋ ತೂಗಿ ಅಂಗಡಿಗೆ ಹೋಗುತ್ತದೆ. ಅಷ್ಟು ಬೇಗ ಬೆಳೆಯಬೇಕಾದರೆ ಹೊಟ್ಟೆಬಾಕನಾಗಿಯೇ ಹುಟ್ಟಬೇಕು. ಯಾರೋ ಜಾಣರು ತುಂಬ ತಿನ್ನುವ ಕೋಳಿಗಳನ್ನೇ ಆರಿಸಿ, ಅವುಗಳ ಮಕ್ಕಳಲ್ಲಿ ಇನ್ನೂ ತುಂಬ ತಿನ್ನುವುದನ್ನೇ ಆರಿಸಿ, ತಲೆಮಾರುಗಟ್ಟಲೆ ಹೀಗೆ ಆರಿಸಿ ಈ ತಳಿ ಮಾಡಿದ್ದಾರೆ. ಆದರೆ ಮಕ್ಕಳಿಗೆ ಕೊಟ್ಟ ಹಸಿವು ತಾಯಿಯ ಹೊಟ್ಟೆಯಲ್ಲೂ ಇರುತ್ತದಲ್ಲ. ಮಕ್ಕಳು ಆರು ವಾರ ಬದುಕಿದರೆ ಮುಗಿಯಿತು, ತಾಯಿ ಅರವತ್ತನಾಲ್ಕು ವಾರ ಬದುಕಿ ಮೊಟ್ಟೆ ಕೊಡಬೇಕು. ಬೇಕೆನಿಸಿದಷ್ಟು ತಿಂದರೆ ಅವಳು ಅಷ್ಟು ದಿನ ಉಳಿಯುವುದಿಲ್ಲ. ಹೃದಯ ನಿಲ್ಲುತ್ತದೆ, ಇಲ್ಲವೇ ಕಾಲು ಕುಸಿಯುತ್ತದೆ. ಹಾಗಾಗಿ ತಾಯಂದಿರಿಗೆ ಅಳೆದು ಹಾಕುತ್ತೇವೆ, ಹುಟ್ಟಿದ ಎರಡನೇ ವಾರದಿಂದ ಕೊನೆಯ ದಿನದವರೆಗೆ.

ಆ ಅಳೆಯುವವಳು ನಾನು. ವಾರಕ್ಕೊಮ್ಮೆ ನೂರು ಕೋಳಿಗಳನ್ನು ಒಂದೊಂದಾಗಿ ಕೊಕ್ಕೆಯ ತಕ್ಕಡಿಗೆ ತೂಗುಹಾಕಿ ತೂಕ ಬರೆದುಕೊಂಡು, ಗೋಡೆಯ ಮೇಲಿನ ನಕ್ಷೆಯಲ್ಲಿ ಚುಕ್ಕೆ ಇಡುತ್ತೇನೆ. ನಕ್ಷೆಯಲ್ಲಿ ಕಂಪನಿಯವರು ಮೊದಲೇ ಎಳೆದ ಒಂದು ಗೆರೆ ಇರುತ್ತದೆ. ಚುಕ್ಕೆ ಗೆರೆಗಿಂತ ಮೇಲಿದ್ದರೆ ಫೀಡು ಕಡಿಮೆ, ಕೆಳಗಿದ್ದರೆ ಜಾಸ್ತಿ. ನನ್ನ ಚುಕ್ಕೆಗಳು ಗೆರೆ ಬಿಟ್ಟು ಕದಲುವುದಿಲ್ಲ. ಅದಕ್ಕೇ ಎಲ್ಲರೂ ನನ್ನನ್ನು ತಕ್ಕಡಿ ಎನ್ನುತ್ತಾರೆ, ಎದುರಿಗೆ ತಕ್ಕಡಿಯಮ್ಮ. ನನಗೂ ಆ ಹೆಸರಿನ ಬಗ್ಗೆ ಒಳಗೊಳಗೇ ಜಂಬವಿತ್ತು.

ಬೆಳಿಗ್ಗೆ ಏಳಕ್ಕೆ ಮೋಟಾರು ಹಾಕಿದರೆ ಉದ್ದಕ್ಕೂ ಇರುವ ಬಟ್ಟಲುಗಳಿಗೆ ಫೀಡು ಹರಿಯುತ್ತದೆ. ಮೋಟಾರಿನ ಗುರ್ರೆನ್ನುವ ಸದ್ದಿಗೆ ಐದು ಸಾವಿರ ಕೋಳಿಗಳು ಒಂದರ ಮೇಲೊಂದು ಬಿದ್ದು ಓಡಿಬರುತ್ತವೆ. ಮುಕ್ಕಾಲು ಗಂಟೆಯಲ್ಲಿ ಬಟ್ಟಲು ಬರಿದು. ಮಿಕ್ಕ ದಿನವೆಲ್ಲ ಅವು ಬರಿಯ ಬಟ್ಟಲನ್ನೇ ಕುಕ್ಕುತ್ತವೆ, ನೀರಿನ ಕೊಳವೆಯನ್ನು ಕುಕ್ಕುತ್ತವೆ, ಗೋಡೆಯ ತಿರುಪನ್ನು ಕುಕ್ಕುತ್ತವೆ. ಐದು ಸಾವಿರ ಕೊಕ್ಕುಗಳ ಟಕಟಕ. ಹೊಸಬರಿಗೆ ಮೊದಲ ವಾರ ತಲೆ ಚಿಟ್ಟು ಹಿಡಿಯುತ್ತದೆ, ಆಮೇಲೆ ಕಿವಿಗೆ ಬೀಳುವುದೇ ಇಲ್ಲ. ನನಗೆ ಬೀಳುತ್ತಿತ್ತು, ಹೇಳಿಕೊಳ್ಳುತ್ತಿರಲಿಲ್ಲ.

ಶೆಡ್ಡಿನ ಫೋನಿನ ಪಕ್ಕ ಕೆಂಪು ಬಣ್ಣದಲ್ಲಿ ಬರೆದಿದೆ: ‘ಫೀಡು ಉಳಿದರೆ ತಕ್ಷಣ ಡಾಕ್ಟರಿಗೆ ಫೋನು ಮಾಡಿ.’ ಈ ಕೋಳಿ ಹುಷಾರಾಗಿದ್ದಾಗ ಒಂದು ಕಾಳನ್ನೂ ಬಿಡುವುದಿಲ್ಲ. ಬಿಟ್ಟರೆ ರೋಗ ಬಂದಿದೆ ಎಂದರ್ಥ. ನಮ್ಮ ಕಸುಬಿನ ಮೊದಲ ಪಾಠವೇ ಇದು. ಹತ್ತೊಂಬತ್ತು ವರ್ಷದಲ್ಲಿ ತಿಂದು ತೃಪ್ತಿಯಾಗಿ ಬಟ್ಟಲಿನಿಂದ ಮುಖ ತಿರುಗಿಸಿದ ಒಂದೇ ಒಂದು ಕೋಳಿಯನ್ನು ನಾನು ನೋಡಿರಲಿಲ್ಲ.

ಈಗ ಅಮ್ಮನ ವಿಷಯ ಹೇಳಬೇಕು, ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನಗೆ ಮದುವೆಯಾಗಲಿಲ್ಲ. ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ನಾನೂ ಅಮ್ಮನೂ ಇದ್ದೆವು. ಕೊನೆಯ ನಾಲ್ಕು ವರ್ಷ ಅಮ್ಮನಿಗೆ ಸಕ್ಕರೆ ಕಾಯಿಲೆಯ ಜೊತೆಗೆ ಮರೆವೂ ಸೇರಿಕೊಂಡಿತು. ಉಂಡು ಕೈ ತೊಳೆದು ಹತ್ತು ನಿಮಿಷಕ್ಕೆ ಊಟ ಯಾವಾಗ ಎಂದು ಕೇಳುವಳು. ಪಾತ್ರೆ ಸದ್ದಾದರೆ ಸಾಕು, ಗೋಡೆ ಹಿಡಿದುಕೊಂಡು ಕೋಣೆಯಿಂದ ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುವಳು. ವೈದ್ಯರು ಒಂದು ಪಟ್ಟಿ ಕೊಟ್ಟಿದ್ದರು, ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ರಾತ್ರಿ ಇಷ್ಟು. ತಕ್ಕಡಿಯ ಕೈಗೆ ಪಟ್ಟಿ ಕೊಟ್ಟ ಮೇಲೆ ಕೇಳಬೇಕೆ? ಅಮ್ಮನ ಸಕ್ಕರೆ ಒಂದು ದಿನವೂ ಗೆರೆ ದಾಟಲಿಲ್ಲ. ಅವಳ ಕಣ್ಣೆದುರು ನನಗೆ ತುತ್ತು ಇಳಿಯುತ್ತಿರಲಿಲ್ಲವಾದ್ದರಿಂದ ನನ್ನ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತು ಕಳ್ಳಿಯಂತೆ ತಿನ್ನುತ್ತಿದ್ದೆ. ಮಗಳು ಹೊಟ್ಟೆಗೆ ಹಾಕುವುದಿಲ್ಲ ಎಂದು ಅಮ್ಮ ಟೈಲರಮ್ಮನ ಹತ್ತಿರ ದೂರು ಹೇಳಿದಳು, ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಕೊನೆಯ ಎರಡು ದಿನ ಮಾತ್ರ ಏನನ್ನೂ ಕೇಳಲಿಲ್ಲ. ಗಂಜಿಯ ಚಮಚ ತುಟಿಗೆ ತಂದರೆ ಮುಖ ಆಚೆ ಮಾಡಿದಳು.

ಎಲ್ಲ ಮುಗಿದ ಮೇಲೆ ದೂರದಿಂದ ಬಂದಿದ್ದ ತಮ್ಮ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತ. ಅವನಿಗೆ ಅಮ್ಮನೆಂದರೆ ಜೀವ, ವರ್ಷಕ್ಕೆ ಎರಡು ಸಲ ಬಂದು ಹೋಗುವಷ್ಟು ಜೀವ.

“ಕೊನೇಲಾದ್ರೂ ಒಂದ್ ದಿನ ಹೊಟ್ಟೆ ತುಂಬ ಹಾಕ್ಬಹುದಿತ್ತಲ್ಲ ಅಕ್ಕ,” ಎಂದ.

ದನಿ ಏರಿಸಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಆಮೇಲೆ ನಮ್ಮ ನಡುವೆ ಫೋನು ತಿಂಗಳಿಗೊಂದಾಯಿತು, ಎರಡು ತಿಂಗಳಿಗೊಂದಾಯಿತು. ಆ ಮಾತು ಮಾತ್ರ ದಿನಾ ನನ್ನ ಜೊತೆ ಊಟಕ್ಕೆ ಕೂರುತ್ತಿತ್ತು. ಅಮ್ಮ ಹೋದ ಮೇಲೂ ನಾನು ಮೆಟ್ಟಿಲ ಮೇಲೆಯೇ ಉಣ್ಣುತ್ತಿದ್ದೆ, ಮನೆಯೊಳಗೆ ಯಾರಿಲ್ಲವೆಂದು ಗೊತ್ತಿದ್ದೂ.

ಐದು ತಿಂಗಳ ಮೇಲೆ ನನ್ನ ಶೆಡ್ಡಿನ ಕೋಳಿಗಳಿಗೆ ಅರವತ್ತನಾಲ್ಕು ವಾರ ತುಂಬಿತು. ಲಾರಿಗಳು ಬಂದವು. ಹಿಡಿಯುವವರು ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿದು ತುಂಬಿಕೊಂಡು ಹೋದರು. ಇನ್ನು ಶೆಡ್ಡು ತೊಳೆದು ಒಂದು ತಿಂಗಳು ಖಾಲಿ ಬಿಡುತ್ತಾರೆ, ಆಮೇಲೆ ಹೊಸ ಮರಿಗಳು. ಬಟ್ಟಲುಗಳಲ್ಲಿ ಅಂಟಿದ ಧೂಳು ಉದುರಲೆಂದು ನಾನು ಬರಿದೇ ಮೋಟಾರು ಹಾಕಿದೆ. ಗುರ್ರ್ ಎಂದಿತು. ಆಗ ಶೆಡ್ಡಿನ ಆ ತುದಿಯಲ್ಲಿ ಮೊಟ್ಟೆಗೂಡುಗಳ ಅಡಿಯಿಂದ ಒಂದು ಹೇಂಟೆ ಹೊರಬಂತು.

ಅಷ್ಟು ಗಲಾಟೆಯಲ್ಲಿ ಹೇಗೋ ಅಡಗಿ ಜೀವ ಉಳಿಸಿಕೊಂಡಿದ್ದ ಕೋಳಿ ಅದು. ಸುಮ್ಮನೆ ಅಲ್ಲೇ ಇದ್ದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಮೋಟಾರಿನ ಸದ್ದು ಕೇಳಿತಲ್ಲ. ತೇಲುತ್ತ ತೊನೆಯುತ್ತ ಓಡಿಬಂದು, ಯಾವಾಗಲೂ ನಿಲ್ಲುತ್ತಿದ್ದ ಬಟ್ಟಲಿನ ಮುಂದೆ ನಿಂತು, ಒಳಗೆ ನೋಡಿತು. ಐದು ಸಾವಿರ ಕೋಳಿಗಳ ಜಾಗದಲ್ಲಿ ಒಂದೇ ಕೋಳಿ, ಬರಿಯ ಬಟ್ಟಲು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿತು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದೂ ಹೀಗೆಯೇ.

ಹೀಗೆ ಉಳಿದದ್ದು ಸಿಕ್ಕರೆ ಅಲ್ಲೇ ಕತ್ತು ತಿರುವಿ ಬರೆದಿಡಬೇಕು. ನಾನು ಎಷ್ಟೋ ಸಲ ತಿರುವಿದ್ದೇನೆ. ಅವತ್ತು ಕಂಕುಳಲ್ಲಿ ಅವುಚಿಕೊಂಡು ಸ್ನಾನದ ಕೋಣೆಗೆ ಹೋದೆ. ನಿಯಮ ಮುರಿಯುವಾಗಲೂ ನನಗೆ ನಿಯಮ ಬಿಡಲಾಗಲಿಲ್ಲ, ಇಬ್ಬರೂ ಷವರಿನ ಕೆಳಗೆ ಐದು ನಿಮಿಷ ನಿಂತೆವು. ನಾನು ಸೋಪು ಹಚ್ಚಿಕೊಂಡೆ, ಅದು ಕೊಕ್ಕು ತೆರೆದು ಬೀಳುವ ನೀರು ಕುಡಿಯಿತು. ಟವೆಲಿನಲ್ಲಿ ಸುತ್ತಿ ಮನೆಯ ಚೀಲಕ್ಕೆ ಹಾಕಿದೆ. ಗೇಟಿನವನು ಒಳಗೆ ಬರುವವರ ಚೀಲ ನೋಡುತ್ತಾನೆ, ಹೊರಗೆ ಹೋಗುವವರದ್ದಲ್ಲ. ಅಲ್ಲಿಂದ ಕದ್ದೊಯ್ಯುವಂಥದ್ದು ಏನಿದೆಯೆಂದು ಅವನ ಲೆಕ್ಕ.

ಮನೆಗೆ ಬಂದ ಕೋಳಿಗೆ ಅತ್ತೆ ಎಂದು ಹೆಸರಿಟ್ಟೆ. ಮದುವೆಯಾಗದವಳಿಗೆ ಅತ್ತೆಯ ಕಾಟ ಇರಲಿಲ್ಲ, ಆ ಕೊರತೆಯೊಂದು ಯಾಕೆ ಉಳಿಯಬೇಕು. ಹೆಸರಿಗೆ ತಕ್ಕ ಹಾಗೇ ಇತ್ತು. ಬೆಳ್ಳಗೆ ದಪ್ಪ ಮೈ, ಬೆನ್ನ ಮೇಲೆ ಗರಿ ಉದುರಿ ಬೋಳು, ನೋಟದಲ್ಲಿ ಸದಾ ಏನೋ ತಪ್ಪು ಹುಡುಕುವ ಗತ್ತು. ನಾನು ಯಾವ ಕೋಣೆಗೆ ಹೋದರೆ ಆ ಕೋಣೆಗೆ ಹಿಂದೆಯೇ. ಬಚ್ಚಲಿಗೆ ಹೋದರೆ ಹೊರಗೆ ಕಾವಲು. ಮನೆಯಲ್ಲಿ ಮತ್ತೊಂದು ಉಸಿರು ಇತ್ತು. ನಾನು ಅಷ್ಟು ಒಂಟಿಯಾಗಿದ್ದೆ ಎನ್ನುವುದು ಆಗಲೇ ನನಗೆ ಗೊತ್ತಾದದ್ದು.

ನನಗೆ ಒಂದೇ ಆಸೆಯಿತ್ತು. ಈ ಒಂದು ಜೀವಕ್ಕಾದರೂ ಹೊಟ್ಟೆ ತುಂಬ ಹಾಕಬೇಕು, ಅದು ತಿಂದು ತಿಂದು ಇನ್ನು ಬೇಡವೆಂದು ತಟ್ಟೆ ಬಿಟ್ಟು ಆಚೆ ಹೋಗುವುದನ್ನು ಕಣ್ಣಾರೆ ನೋಡಬೇಕು. ತಕ್ಕಡಿಯೆಂದು ಹೆಸರಾದವಳಿಗೆ ಇದರ ಅಪಾಯ ಗೊತ್ತಿರಲಿಲ್ಲವೇ ಎಂದು ಕೇಳಬಹುದು. ಗೊತ್ತಿತ್ತು. ಅದು ಶೆಡ್ಡಿನ ಮಾತು, ಐದು ಸಾವಿರದ ಮಾತು, ಒಂದನ್ನು ಪ್ರೀತಿಯಿಂದ ಸಾಕಿದರೆ ಬೇರೆಯಾಗಬಹುದು ಎಂದುಕೊಂಡೆ. ಅಂಗಡಿಯಿಂದ ಜೋಳದ ನುಚ್ಚು ತಂದೆ, ಕಾಳು ತಂದೆ. ಅಮ್ಮನ ಊಟದ ತಟ್ಟೆಯನ್ನೇ ತೊಳೆದು ಅದರ ತುಂಬ ಸುರಿದೆ.

ಅತ್ತೆ ತಿಂದಳು. ತಟ್ಟೆ ಬರಿದಾಯಿತು, ಮತ್ತೆ ಸುರಿದೆ. ಕತ್ತಿನ ಕೆಳಗಿನ ಚೀಲ ಉಬ್ಬಿ ಜೋತುಬಿತ್ತು, ಆದರೂ ತಿಂದಳು. ನಿಂತು ತಿನ್ನಲಾಗದೆ ಕೂತು ತಿಂದಳು. ಮೂರನೇ ದಿನ ಮಲಗಿಕೊಂಡು ಕೊಕ್ಕನ್ನು ತಟ್ಟೆಯಲ್ಲೇ ಇಟ್ಟುಕೊಂಡು ತಿಂದಳು. ಈಗ ಬಿಡುತ್ತಾಳೆ, ಇನ್ನೊಂದು ಹಿಡಿಗೆ ಬಿಡುತ್ತಾಳೆ ಎಂದು ನಾನು ಪಕ್ಕದಲ್ಲಿ ಕಾಯುತ್ತಿದ್ದೆ. ಎಂಟನೇ ದಿನ ಅವಳ ಉಸಿರು ದೊಡ್ಡದಾಗಿ ಕೇಳತೊಡಗಿತು, ಜುಟ್ಟು ನೀಲಿಗೆ ತಿರುಗಿತು. ಆಗಲೂ ಕಣ್ಣು ತಟ್ಟೆಯ ಮೇಲೆ.

ಮಾರನೆಯ ದಿನ ಕೋಳಿ ಡಾಕ್ಟರು ತೊಳೆದ ಶೆಡ್ಡಿನ ಗೋಡೆ ಪರೀಕ್ಷಿಸಲು ಬಂದರು. ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿರುವ ಮನುಷ್ಯ, ಮಾತು ಕಡಿಮೆ, ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂರುವ ಅಭ್ಯಾಸ. ಸುಮ್ಮನೆ ಕೇಳುವವಳಂತೆ ಕೇಳಿದೆ, ಈ ಕೋಳಿಗಳಲ್ಲಿ ಒಂದಕ್ಕೆ ಬೇಕಾದಷ್ಟು ಹಾಕುತ್ತ ಹೋದರೆ ಎಷ್ಟು ತಿಂದ ಮೇಲೆ ನಿಲ್ಲಿಸುತ್ತದೆ? ತಕ್ಕಡಿ ಕೇಳುವ ಪ್ರಶ್ನೆಯೇ ಇದು ಎಂದು ಅವರು ನಕ್ಕರು. ನಾನು ನಗಲಿಲ್ಲವಾದ್ದರಿಂದ ಅವರೂ ನಿಲ್ಲಿಸಿದರು.

“ನಿಲ್ಸಲ್ಲಮ್ಮ,” ಎಂದರು. “ಹೊಟ್ಟೆ ತುಂಬ್ತು ಅಂತ ತಲೆಗೆ ಹೇಳೋದೊಂದು ಇರುತ್ತಲ್ಲ, ಅದನ್ನ ನಾವು ಇವುಗಳಲ್ಲಿ ಉಳಿಸಿಲ್ಲ. ಯಾವುದು ನಿಲ್ಸುತ್ತೋ ಅದನ್ನ ಬಿಟ್ಟು, ಯಾವುದು ನಿಲ್ಸಲ್ವೋ ಅದರ ಮರಿ ತಗೊಂಡು ಬಂದ್ವಿ. ಬದುಕ್ಬೇಕು ಅಂದ್ರೆ ಹಸಿದೇ ಇರ್ಬೇಕು.”

ಅದು ತಪ್ಪಲ್ಲವೇ ಎಂದೆ. ಅವರು ಕೈಗವಸು ಬಿಚ್ಚಿದರು. ಮಾಂಸ ಕಂಡರಿಯದ ಮನೆಗಳಿಗೂ ಈ ಕೋಳಿಯಿಂದ ವಾರಕ್ಕೊಮ್ಮೆ ಸಿಗುವಂತಾಯಿತು, ತಮ್ಮ ಮನೆಯೂ ಅಂಥದ್ದೇ ಆಗಿತ್ತು ಎಂದರು. ಅದೂ ಸುಳ್ಳಲ್ಲ. ನಾನೂ ತಿಂದು ಬೆಳೆದವಳೇ. ಆದರೂ ತಪ್ಪಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಒಂದೇ ಕೋಳಿ ಬದುಕಿಸಬೇಕಾದರೆ ದಿನಕ್ಕೆ ಎಷ್ಟು ಕೊಡಬೇಕು ಎಂದು ಮತ್ತೆ ಕೇಳಿದೆ. ನನ್ನ ಮುಖವನ್ನು ಸ್ವಲ್ಪ ಜಾಸ್ತಿಯೇ ಹೊತ್ತು ನೋಡಿ, ನೂರಿಪ್ಪತ್ತು ಗ್ರಾಂ ಎಂದರು.

ಅವತ್ತು ಸಂಜೆ ಮನೆಗೆ ಒಂದು ಸಣ್ಣ ತಕ್ಕಡಿ ಕೊಂಡು ಹೋದೆ. ಹತ್ತೊಂಬತ್ತು ವರ್ಷ ತಕ್ಕಡಿಯನ್ನು ಫಾರಂನಲ್ಲೇ ಬಿಟ್ಟು ಬರುತ್ತಿದ್ದವಳು. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು, ಆ ಜಾಣರ ಮೇಲೆ ಸಿಟ್ಟು, ತಮ್ಮನ ಮೇಲೂ. ಅವನಿಗೆ ಫೋನು ಮಾಡಿ, ಅಮ್ಮನಿಗೆ ಎಷ್ಟು ಹಾಕಿದ್ದರೂ ಅವಳಿಗೆ ಹೊಟ್ಟೆ ತುಂಬುತ್ತಿರಲಿಲ್ಲ ಕಣೋ ಎಂದು ಹೇಳಬೇಕೆನಿಸಿತು. ನಂಬರು ಒತ್ತಲೂ ಒತ್ತಿದೆ. ಇದು ನಿನಗೆ ಹೇಗೆ ಗೊತ್ತಾಯಿತು ಅಕ್ಕ ಎಂದು ಕೇಳಿದರೆ ಕೋಳಿಯಿಂದ ಎನ್ನಬೇಕಲ್ಲ ಎಂದು ಹೊಳೆದು ಕಟ್ ಮಾಡಿದೆ. ಅವನು ತಿರುಗಿ ಮಾಡಲಿಲ್ಲ.

ಮರುದಿನದಿಂದ ಅತ್ತೆಗೆ ಬೆಳಿಗ್ಗೆ ನೂರಿಪ್ಪತ್ತು ಗ್ರಾಂ. ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದಳು. ಆಮೇಲೆ ದಿನವೆಲ್ಲ ಬರಿಯ ತಟ್ಟೆ ಕುಕ್ಕುತ್ತಿದ್ದಳು. ಸ್ಟೀಲಿನ ತಟ್ಟೆ, ಟಣ್ ಟಣ್ ಟಣ್. ನೀವು ಮೇಲೆ ಕೂತು ಟೈಪ್ ಮಾಡುತ್ತೀರಾ ಎಂದು ಕೆಳಗಿನ ಟೈಲರಮ್ಮ ಕೇಳಿದಳು. ಹೌದು, ನನ್ನ ಕಥೆ ಬರೆಯುತ್ತಿದ್ದೇನೆ ಎಂದೆ. ತಟ್ಟೆಯನ್ನು ತೆಗೆದಿಟ್ಟರೆ ನೆಲ ಕುಕ್ಕುವಳು, ನೆಲಕ್ಕೆ ಬಟ್ಟೆ ಹಾಸಿದರೆ ನನ್ನ ಚಪ್ಪಲಿಯ ಗುಂಡಿ ಕುಕ್ಕುವಳು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಫ್ರಿಜ್ಜು. ಅದರ ಮೋಟಾರು ಗುರ್ರೆಂದಾಗಲೆಲ್ಲ ಅತ್ತೆ ಎಲ್ಲಿದ್ದರೂ ಓಡಿಬಂದು ಅದರ ಮುಂದೆ ನಿಲ್ಲುತ್ತಿದ್ದಳು. ದಿನಕ್ಕೆ ಇಪ್ಪತ್ತು ಸಲ. ಇಪ್ಪತ್ತು ಸಲವೂ ಮೊದಲಿನಷ್ಟೇ ನಂಬಿಕೆ. ಫ್ರಿಜ್ಜು ಆರಿಸಿಟ್ಟೆ, ಹಾಲು ಒಡೆಯಿತು, ಮತ್ತೆ ಹಾಕಿದೆ.

ವಾರಕ್ಕೊಮ್ಮೆ ಅವಳನ್ನು ತೂಗಿದೆ. ಮೂರು ವಾರಕ್ಕೆ ಉಸಿರು ಸರಿಹೋಯಿತು, ಜುಟ್ಟು ಕೆಂಪಾಯಿತು, ತೂಕ ಗೆರೆಗೆ ಬಂತು. ಶೆಡ್ಡಿನಲ್ಲಾಗಿದ್ದರೆ ಭೇಷ್ ಎನ್ನುತ್ತಿದ್ದರು. ನಾನು ಅವಳನ್ನು ಬದುಕಿಸಿದ್ದೆ, ನಿಜ. ಹಸಿವಿನಿಂದ ಬಿಡಿಸಿ ತಂದು ಅದೇ ಹಸಿವಿನಲ್ಲಿ ಕೂರಿಸಿ ಬದುಕಿಸಿದ್ದೆ. ಆರಿಸಿ ಆರಿಸಿ ಈ ಹೊಟ್ಟೆ ಮಾಡಿದವರು ಎಲ್ಲೋ ತಣ್ಣಗಿನ ಕೋಣೆಯಲ್ಲಿ ಕೂತಿದ್ದಾರೆ, ಅವರು ಈ ಟಣ್ ಟಣ್ ಕೇಳಬೇಕಾಗಿಲ್ಲ. ಕೇಳುವವಳು ನಾನು. ಅವಳೆದುರು ನನಗೂ ತುತ್ತು ಇಳಿಯುತ್ತಿರಲಿಲ್ಲ. ತಟ್ಟೆ ಮುಚ್ಚಿಕೊಂಡು ಮತ್ತೆ ಮೆಟ್ಟಿಲ ಮೇಲೆ. ಬಾಗಿಲ ಸಂದಿನಿಂದ ಟಣ್ ಟಣ್. ಮನೆಯಲ್ಲಿ ಜೊತೆ ಬೇಕೆಂದು ತಂದುಕೊಂಡು ಊಟಕ್ಕೆ ಒಂಟಿಯಾಗಿಯೇ ಉಳಿದೆ.

ಇದರ ನಡುವೆ ಹೊಸ ಮರಿಗಳು ಬಂದವು. ವರ್ಷದ ಕಾಗದವೂ ಬಂತು, ಯಾವ ಹಕ್ಕಿಯೂ ಇಲ್ಲವೆಂದು ಸಹಿ ಹಾಕಿದೆ. ಐದು ಸಾವಿರ ಮರಿಗಳಿಗೆ ನನ್ನಿಂದ ಏನಾದರೂ ಅಂಟಿದರೆ ಎಂದು ದಿನವೂ ಹೆದರಿ ಐದು ನಿಮಿಷದ ಸ್ನಾನವನ್ನು ಹತ್ತು ನಿಮಿಷ ಮಾಡಿದೆ. ನನ್ನ ಕರುಣೆಗೆ ಅವು ಯಾಕೆ ದಂಡ ತೆರಬೇಕು? ಆದರೆ ಅತ್ತೆಯನ್ನು ಬಿಟ್ಟುಕೊಡಲಾಗಲಿಲ್ಲ. ಅವಳಿಗೆ ಎಪ್ಪತ್ತು ವಾರವಾಯಿತು, ಎಂಬತ್ತಾಯಿತು, ತೊಂಬತ್ತಾಯಿತು. ಗೋಡೆಯ ನಕ್ಷೆಯಲ್ಲಿ ಅರವತ್ತನಾಲ್ಕಕ್ಕೇ ಗೆರೆ ನಿಂತುಹೋಗುತ್ತದೆ. ಅದರಾಚೆ ಅವಳು ಎಷ್ಟು ತೂಗಬೇಕು, ಹೇಗೆ ಮುದುಕಿಯಾಗಬೇಕು ಎಂದು ಯಾರೂ ಬರೆದಿರಲಿಲ್ಲ. ಅಂದಾಜಿನ ಮೇಲೆ ಇಬ್ಬರೂ ದಿನ ದೂಡಿದೆವು.

ತೊಂಬತ್ತಾರನೆಯ ವಾರದ ಭಾನುವಾರ. ಬೆಳಿಗ್ಗೆ ಎಂಟಕ್ಕೆ ಕಾಳು ತೂಗಿ, ತಟ್ಟೆಗೆ ಸುರಿದು, ಅವಳೆದುರು ಇಟ್ಟು, ನನ್ನ ಬ್ರೆಡ್ಡು ಚಹಾ ಹಿಡಿದು ಮೆಟ್ಟಿಲಿಗೆ ಬಂದೆ. ಎರಡು ಗುಟುಕು ಕುಡಿದ ಮೇಲೆ ಏನೋ ಬದಲಾಗಿದೆ ಎನಿಸಿತು. ಟಣ್ ಟಣ್ ಇಲ್ಲ. ಒಳಗೆ ಫ್ರಿಜ್ಜು ಗುರ್ರೆಂದಿತು, ಓಡುವ ಕಾಲಿನ ಸದ್ದೂ ಇಲ್ಲ. ಲೋಟ ಹಿಡಿದೇ ಬಾಗಿಲು ತಳ್ಳಿದೆ. ಅತ್ತೆ ಕಿಟಕಿಯ ಬಿಸಿಲಿನಲ್ಲಿ ಕೂತಿದ್ದಳು. ತಟ್ಟೆ ಒಂದು ಮಾರು ದೂರದಲ್ಲಿತ್ತು, ಸುರಿದ ಕಾಳು ಸುರಿದ ಹಾಗೇ. ನನ್ನನ್ನು ನೋಡಿದಳು, ತಟ್ಟೆಯನ್ನು ನೋಡಿದಳು, ಮುಖ ಆಚೆ ತಿರುಗಿಸಿದಳು.

ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಬಿಟ್ಟಳು. ತಾನಾಗಿಯೇ ಬಿಟ್ಟಳು. ಓಡಿಹೋಗಿ ನನ್ನ ತಟ್ಟೆ ತಂದೆ, ಅವಳ ಎದುರಿಗೆ ನೆಲದ ಮೇಲೆ ಕಾಲು ಮಡಿಸಿ ಕೂತೆ. ಬ್ರೆಡ್ಡು ಮುರಿದು ಚಹಾದಲ್ಲಿ ಅದ್ದಿ ತಿಂದೆ. ಮುಚ್ಚಿಕೊಳ್ಳದೆ, ಆತುರವಿಲ್ಲದೆ ತಿಂದೆ. ಎಷ್ಟೋ ವರ್ಷಗಳ ಮೇಲೆ ಮನೆಯೊಳಗೆ ಒಬ್ಬರ ಎದುರು ಕೂತು ಉಣ್ಣುತ್ತಿದ್ದೆ. ಅತ್ತೆ ಸುಮ್ಮನೆ ನೋಡುತ್ತಿದ್ದಳು, ಆ ನೋಟದಲ್ಲಿ ನನ್ನ ತುತ್ತಿನ ಮೇಲೆ ಆಸೆ ಇರಲಿಲ್ಲ. ಇದೆಲ್ಲ ಒಂದು ನಿಮಿಷ ನಡೆದಿರಬೇಕು. ಆ ಒಂದು ನಿಮಿಷ ನಾನು ಮಗಳು, ಸೊಸೆ, ಮನೆಯೊಡತಿ ಎಲ್ಲ ಆಗಿದ್ದೆ, ತಕ್ಕಡಿ ಮಾತ್ರ ಆಗಿರಲಿಲ್ಲ.

ಎರಡನೇ ಬ್ರೆಡ್ಡಿಗೆ ಕೈ ಹಾಕಿದಾಗ ನನ್ನೊಳಗಿನ ತಕ್ಕಡಿ ಎದ್ದಳು. ರೆಕ್ಕೆ ಎರಡೂ ಜೋತುಬಿದ್ದಿವೆ ಎಂದಳು. ಜುಟ್ಟಿನ ತುದಿ ನೋಡು, ಕಪ್ಪಾಗಿದೆ ಎಂದಳು. ಕಣ್ಣು ಅರೆಮುಚ್ಚಿರುವುದು ಬಿಸಿಲಿಗಲ್ಲ ಎಂದಳು. ಗಂಜಿಯ ಚಮಚಕ್ಕೆ ಅಮ್ಮ ಮುಖ ತಿರುಗಿಸಿದ್ದು ನೆನಪಾಯಿತು. ಹತ್ತೊಂಬತ್ತು ವರ್ಷ ಕೆಂಪಕ್ಷರದ ಕೆಳಗೆ ನಿಂತು ಕೆಲಸ ಮಾಡಿದವಳು ಸಂತೋಷಪಡುತ್ತ ಕೂತಿದ್ದೆನಲ್ಲ.

ಡಾಕ್ಟರಿಗೆ ಫೋನು ಮಾಡಿದರೆ ಕೆಲಸ ಹೋಗುತ್ತದೆಂದು ಗೊತ್ತಿತ್ತು. ಮಾಡದಿದ್ದರೂ ಅತ್ತೆ ಉಳಿಯುವುದಿಲ್ಲವೆಂದೂ ಗೊತ್ತಿತ್ತು. ಆದರೆ ರೋಗ ಏನೆಂದು ಗೊತ್ತಿರಲಿಲ್ಲ. ನಾಳೆ ಬೆಳಿಗ್ಗೆ ಐದು ಸಾವಿರ ಕೋಳಿಗಳ ನಡುವೆ ಹೋಗಿ ನಿಲ್ಲಬೇಕಾದವಳು ನಾನು. ಅದಕ್ಕಿಂತ ಹೆಚ್ಚಾಗಿ, ಈ ಮಾತನ್ನು ಯಾರಿಗಾದರೂ ಹೇಳದೆ ನನಗೆ ಇರಲಾಗಲಿಲ್ಲ. ನಂಬರು ಒತ್ತಿದೆ. ಅವರು ಎತ್ತಿದರು.

“ಡಾಕ್ಟ್ರೇ, ಫೀಡು ಉಳಿದಿದೆ,” ಎಂದೆ.

“ಯಾವ ಶೆಡ್ಡು?”

“ನಮ್ಮ ಮನೇಲಿ.”

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿತು. ಅವರು ಕೂತಿರಬೇಕು. ನಾನು ಎಲ್ಲ ಹೇಳಿದೆ, ಮೋಟಾರಿನಿಂದ ಹಿಡಿದು ಬಿಸಿಲಿನವರೆಗೆ. ಮುಗಿದ ಮೇಲೆ, ನಾಳೆಯಿಂದ ಬರಬೇಡಿ, ನಿಮಗೆ ನಾನು ಹೇಳಬೇಕಾಗಿಲ್ಲ ಎಂದರು. ಗೊತ್ತು ಎಂದೆ. ಶೆಡ್ಡಿನ ಕೋಳಿಗಳ ರಕ್ತ ಪರೀಕ್ಷೆ ಮಾಡಿಸುತ್ತೇನೆ ಎಂದರು. ದಯವಿಟ್ಟು ಮಾಡಿಸಿ ಎಂದೆ. ಉಸಿರು ಹೇಗಿದೆ, ಜುಟ್ಟು ಹೇಗಿದೆ, ಕಾಲು ಮಡಚುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಹೇಳಿದೆ. ರೋಗವಲ್ಲ, ಹೃದಯ ಸೋತಿದೆ ಎನಿಸುತ್ತದೆ, ಸಂಜೆಯವರೆಗೂ ಇರಲಾರದು ಎಂದರು. ಆಮೇಲೆ ಕೇಳಿದರು, “ಎಷ್ಟು ವಾರದ್ದು?”

“ತೊಂಬತ್ತಾರು.”

ಆ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದಾಯಿತು.

“ಮೂವತ್ತು ವರ್ಷ ಆಯ್ತು,” ಎಂದರು. “ಇವುಗಳಲ್ಲಿ ವಯಸ್ಸಾದದ್ದನ್ನ ನಾನು ನೋಡೇ ಇಲ್ಲ ತಕ್ಕಡಿಯಮ್ಮ. ಹೇಗಿರುತ್ತೆ?”

ನಾನು ಅತ್ತೆಯನ್ನು ನೋಡಿದೆ. ಕಾಲಿನ ಹುರುಪೆ ಒರಟಾಗಿದೆ ಎಂದೆ. ಬೆನ್ನಿನ ಗರಿ ಮತ್ತೆ ಬಂದಿದೆ, ಬೋಳು ಈಗ ಕಾಣುವುದಿಲ್ಲ ಎಂದೆ. ಮುಖದಲ್ಲಿ ಗತ್ತು ಹಾಗೇ ಇದೆ ಎಂದೆ. ಅವರು ಹೂಂಗುಟ್ಟುತ್ತ ಕೇಳಿಸಿಕೊಂಡರು. ಕೊನೆಗೆ ಅಭ್ಯಾಸಬಲದಿಂದಲೋ, ಫೋನು ಇಡಲು ಮನಸ್ಸಾಗದೆಯೋ, ನಮ್ಮ ಕಸುಬಿನಲ್ಲಿ ಕೇಳಲೇಬೇಕಾದ ಆ ಪ್ರಶ್ನೆ ಕೇಳಿದರು, ಎಷ್ಟು ಉಳಿದಿದೆ?

ನಾನು ತಟ್ಟೆಯ ಕಾಳನ್ನು ತಕ್ಕಡಿಗೆ ಸುರಿದೆ. ಒಂದು ಕಾಳು ನೆಲಕ್ಕೆ ಉರುಳಿ ಅತ್ತೆಯ ಕಾಲ ಬಳಿ ನಿಂತಿತು, ಅವಳು ಅದರತ್ತ ನೋಡಲಿಲ್ಲ. ಬಗ್ಗಿ ಅದನ್ನೂ ಎತ್ತಿ ಹಾಕಿದೆ.

“ನೂರಿಪ್ಪತ್ತು,” ಎಂದೆ.

ಅವರು ಬರೆದುಕೊಳ್ಳುವುದು ಕೇಳಿಸಿತು. ಫೋನು ಇಟ್ಟು, ಉಳಿದ ಬ್ರೆಡ್ಡನ್ನು ಅತ್ತೆಯ ಪಕ್ಕದಲ್ಲೇ ಕೂತು ತಿಂದು ಮುಗಿಸಿದೆ.